ಗಲ್ಲಾಪೆಟ್ಟಿಗೆಯ ಗುಟ್ಟು

ಬೆಂಗಳೂರಿನ ಯಾವ ಬಡಾವಣೆಯನ್ನೇ ನೋಡಿ, ವರ್ಷಕ್ಕೆ ಎರಡೋ ಮೂರೋ ಹೊಸ ಅಂಗಡಿಗಳು ಅಲ್ಲಿ ಕಣ್ತೆರೆಯುತ್ತವೆ. ಬಾಗಿಲಿಗೆ ಮಾವಿನ ತೋರಣ, ಒಳಗೆ ಲಕ್ಷ್ಮಿಯ ಪಟ, ಪಟದ ಮುಂದೆ ಸಣ್ಣ ದೀಪ, ಮೊದಲ ದಿನ ಬಂದವರಿಗೆಲ್ಲ ಸಿಹಿ. ಮನೆಯ ಯಜಮಾನರು ನಿವೃತ್ತಿಯ ಹಣವನ್ನು ತಂದು ಅಲ್ಲಿ ಸುರಿದಿರುತ್ತಾರೆ. ಇಲ್ಲವೇ ಮನೆಯಾಕೆ ತನ್ನ ಒಡವೆಗಳನ್ನು ಬ್ಯಾಂಕಿನಲ್ಲಿಟ್ಟು ಬಂಡವಾಳ ಹೊಂದಿಸಿರುತ್ತಾಳೆ. ಹನ್ನೆರಡು ತಿಂಗಳು ತುಂಬುವಷ್ಟರಲ್ಲಿ ಅವುಗಳಲ್ಲಿ ಒಂದರ ಕದ ಮುಚ್ಚಿ, ಅದರ ಮೇಲೆ "ಮಳಿಗೆ ಬಾಡಿಗೆಗಿದೆ" ಎಂಬ ಹಲಗೆ ತೂಗಾಡತೊಡಗುತ್ತದೆ. ಅಕ್ಕಪಕ್ಕದವರು ತಮತಮಗೆ ತೋಚಿದ ಕಾರಣಗಳನ್ನು ಹೇಳುತ್ತಾರೆ. ಜಾಗ ಸರಿಯಿರಲಿಲ್ಲವೆಂದು ಒಬ್ಬರು, ವಾಸ್ತು ಕೂಡಿಬರಲಿಲ್ಲವೆಂದು ಇನ್ನೊಬ್ಬರು, ದೊಡ್ಡ ಮಾಲ್ ಬಂದು ನುಂಗಿತೆಂದು ಮತ್ತೊಬ್ಬರು.

ಸೋಜಿಗದ ಸಂಗತಿಯೆಂದರೆ, ಹೀಗೆ ಮುಚ್ಚುವ ಅಂಗಡಿಗಳೆಲ್ಲವೂ ಗಿರಾಕಿಗಳಿಲ್ಲದೆ ಮುಚ್ಚುವುದಿಲ್ಲ. ಸಂಜೆಯ ಹೊತ್ತು ಕಾಲಿಡಲು ಜಾಗವಿಲ್ಲದಷ್ಟು ಜನ ಸೇರುತ್ತಿದ್ದ ಅಂಗಡಿಯೂ ಒಂದು ದಿನ ಮುಚ್ಚಿಹೋಗುತ್ತದೆ. ಮಾಲೀಕರನ್ನು ಕೇಳಿದರೆ, "ವ್ಯಾಪಾರವೇನೋ ಆಗುತ್ತಿತ್ತು ಸ್ವಾಮಿ, ದುಡ್ಡು ಎಲ್ಲಿ ಹೋಯಿತೋ ತಿಳಿಯಲಿಲ್ಲ" ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ರೋಗದ ಲಕ್ಷಣವನ್ನು ಇದಕ್ಕಿಂತ ಚೆನ್ನಾಗಿ ಯಾವ ಅರ್ಥಶಾಸ್ತ್ರಜ್ಞನೂ ಹೇಳಲಾರ.

ಕನ್ನಡ ಪಾಠ ಹೇಳುವ ಮೇಷ್ಟರಿಗೆ ತಕ್ಕಡಿಯ ಗೊಡವೆಯೇಕೆ ಎಂದು ವಾಚಕರು ಕೇಳಬಹುದು. ನಮ್ಮ ಶಾಸನಗಳ ಪರಿಚಯವಿರುವವರು ಹಾಗೆ ಕೇಳಲಾರರು. ಅಯ್ಯಾವೊಳೆ, ಎಂದರೆ ಇಂದಿನ ಐಹೊಳೆ, ಅಲ್ಲಿಯ ಐನೂರ್ವರೆಂಬ ವರ್ತಕ ಸಂಘದ ಹೆಸರು ದಕ್ಷಿಣ ದೇಶದ ಉದ್ದಗಲಕ್ಕೂ ಕಲ್ಲುಗಳ ಮೇಲೆ ಉಳಿದಿದೆ; ಕಡಲಾಚೆಯ ಸುಮಾತ್ರಾ ದ್ವೀಪದಲ್ಲಿ ದೊರೆತ 1088ರ ತಮಿಳು ಶಾಸನವೊಂದರಲ್ಲಿಯೂ ಆ ಸಂಘದ ಉಲ್ಲೇಖವುಂಟು. ಇಂಥ ನಾಡಿನಲ್ಲಿ ಸಂಬಳದ ನೌಕರಿಯೇ ಮರ್ಯಾದೆಯ ಬಾಳು, ವ್ಯಾಪಾರವೆಂಬುದು ಕೈಸುಡುವ ಕೆಲಸ ಎಂಬ ಭಾವನೆ ಮಧ್ಯಮ ವರ್ಗದ ನಮ್ಮಲ್ಲಿ ಹೇಗೆ ಬೇರೂರಿತೋ! ಆ ಭಾವನೆಯ ದೆಸೆಯಿಂದಲೇ, ವ್ಯಾಪಾರಕ್ಕೆ ಇಳಿದವರು ಕೂಡ ಅದನ್ನು ಒಂದು ವಿದ್ಯೆಯೆಂದು ಕಲಿಯುವುದಿಲ್ಲ. ಅದೃಷ್ಟವೆಂದು ಆಡುತ್ತಾರೆ.

ಒಂದು ಕಿಲೋ ಚಕ್ಕುಲಿಯ ಲೆಕ್ಕ

ಕಲ್ಪನೆಯ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಗೃಹಿಣಿಯೊಬ್ಬರು ಬೀದಿಯ ಮೂಲೆಯಲ್ಲಿ ಸಣ್ಣ ಮಳಿಗೆ ಹಿಡಿದು ಚಕ್ಕುಲಿ ಮಾಡಿ ಮಾರುತ್ತಾರೆ ಎಂದಿಟ್ಟುಕೊಳ್ಳಿ. ಕೈರುಚಿ ಚೆನ್ನಾಗಿದೆ. ಬೆಲೆ ಕಿಲೋವಿಗೆ 360 ರೂಪಾಯಿ. ಅಕ್ಕಿಹಿಟ್ಟು, ಉದ್ದಿನಹಿಟ್ಟು, ಬೆಣ್ಣೆ, ಎಳ್ಳು, ಜೀರಿಗೆ, ಕರಿಯುವ ಎಣ್ಣೆ ಎಲ್ಲ ಸೇರಿ ಕಿಲೋವಿಗೆ 170, ಅನಿಲಕ್ಕೆ 20, ಕಟ್ಟಿಕೊಡುವ ಪೊಟ್ಟಣಕ್ಕೆ 15. ಒಟ್ಟು 205. ಉಳಿಯುವುದು 155 ರೂಪಾಯಿ. ಮುನ್ನೂರ ಅರವತ್ತರಲ್ಲಿ ನೂರೈವತ್ತೈದು ಉಳಿಯಿತೆಂದರೆ ಯಾರಿಗೆ ತಾನೇ ಹುಮ್ಮಸ್ಸು ಬಾರದು?

ತಿಂಗಳಿಗೆ 120 ಕಿಲೋ ಮಾರಾಟವಾಯಿತು. ಪೆಟ್ಟಿಗೆಗೆ 43,200 ರೂಪಾಯಿ ಬಂತು. ಸಾಮಾನು, ಅನಿಲ, ಪೊಟ್ಟಣಗಳ 24,600ನ್ನು ಕಳೆದರೆ 18,600 ಉಳಿಯಿತು. ಆದರೆ ಚಕ್ಕುಲಿ ಒಂದೂ ಮಾರಾಟವಾಗದಿದ್ದರೂ ತೆರಲೇಬೇಕಾದ ಖರ್ಚುಗಳುಂಟಲ್ಲ: ಮಳಿಗೆಯ ಬಾಡಿಗೆ 8,000, ಅರ್ಧ ದಿನ ಬಂದು ನೆರವಾಗುವ ಹೆಂಗಸಿನ ಸಂಬಳ 6,000, ವಿದ್ಯುತ್ತು ಇತ್ಯಾದಿ 1,100. ಒಟ್ಟು 15,100. ಕೊನೆಗೆ ಮಿಕ್ಕಿದುದು 3,500 ರೂಪಾಯಿ. ಬೆಳಗಿನಿಂದ ರಾತ್ರಿಯವರೆಗೆ ಬಾಣಲೆಯ ಮುಂದೆ ಬೆಂದ ಆಕೆಯ ದುಡಿಮೆಗೆ ಪ್ರತಿಯಾಗಿ ದೊರೆತುದು ಇಷ್ಟು. ಸಹಾಯಕಿಯ ಸಂಬಳಕ್ಕಿಂತಲೂ ಕಡಿಮೆ!

ಇನ್ನೊಂದು ಬಗೆಯಲ್ಲಿ ನೋಡಿ. 15,100ನ್ನು 155ರಿಂದ ಭಾಗಿಸಿದರೆ ಸುಮಾರು 97 ಕಿಲೋ ಬರುತ್ತದೆ. ಎಂದರೆ ತಿಂಗಳಲ್ಲಿ ಮೊದಲ 97 ಕಿಲೋ ಚಕ್ಕುಲಿಯನ್ನು ಆಕೆ ಕರಿದದ್ದು ಮಳಿಗೆಯ ಒಡೆಯನಿಗಾಗಿ, ಸಹಾಯಕಿಗಾಗಿ, ವಿದ್ಯುತ್ ಕಂಪನಿಗಾಗಿ. ಅಲ್ಲಿಂದಾಚೆಯ 23 ಕಿಲೋ ಮಾತ್ರ ತನಗಾಗಿ. ದಿನಕ್ಕೆ ನಾಲ್ಕು ಕಿಲೋ ಮಾರುವ ಅಂಗಡಿಯಲ್ಲಿ ತಿಂಗಳ ಇಪ್ಪತ್ತೈದನೆಯ ತಾರೀಖು ಸಮೀಪಿಸುವವರೆಗೂ ಮಾಲೀಕಳು ಬೇರೆಯವರ ಆಳು. ಈ ತಾರೀಖು ಯಾವುದೆಂದು ತನ್ನ ಅಂಗಡಿಯ ಮಟ್ಟಿಗೆ ಹೇಳಬಲ್ಲ ಸಣ್ಣ ವರ್ತಕನನ್ನು ನಾನು ಕಂಡದ್ದು ಅಪರೂಪ.

ಆದರೆ ಪೆಟ್ಟಿಗೆ ಇದೊಂದನ್ನೂ ಹೇಳುವುದಿಲ್ಲ. ಪೆಟ್ಟಿಗೆಯಲ್ಲಿ ನೋಟುಗಳು ಮಾತ್ರ ಕಾಣುತ್ತವೆ; ಯಾವ ನೋಟು ಯಾರದೆಂಬುದು ಕಾಣುವುದಿಲ್ಲ. ಹುಡುಗನ ಟ್ಯೂಷನ್ನಿಗೆ, ಅತ್ತೆಯವರ ಔಷಧಿಗೆ, ನಾದಿನಿಯ ಸೀಮಂತಕ್ಕೆ ಆಗಾಗ ಪೆಟ್ಟಿಗೆಗೆ ಕೈಹಾಕಿ ತಿಂಗಳಿಗೆ 10,000 ತೆಗೆದರೆನ್ನಿ. ಲಾಭವಿದ್ದುದು 3,500, ತೆಗೆದುದು 10,000. ಹೆಚ್ಚಾಗಿ ಹೋದ 6,500 ಬಂದದ್ದು ಬಂಡವಾಳದಿಂದ. ಆರಂಭಕ್ಕೆ ಕೈಯಲ್ಲಿದ್ದ ಹಣ 80,000 ಆಗಿದ್ದರೆ, ಹನ್ನೆರಡು ತಿಂಗಳಲ್ಲಿ 78,000 ಕರಗಿಹೋಗುತ್ತದೆ. ಹಲಗೆ ತೂಗಾಡುವುದು ಆ ಹನ್ನೆರಡನೆಯ ತಿಂಗಳಲ್ಲಿಯೇ. ಆ ಕೊನೆಯ ತಿಂಗಳಲ್ಲಿ ಕೂಡ 120 ಕಿಲೋ ಮಾರಾಟವಾಗಿರುತ್ತದೆಂಬುದನ್ನು ಮರೆಯಬೇಡಿ!

ಇದಕ್ಕೆ ಮದ್ದು ಹಳೆಯದೇ. ಮನೆಯ ಚೀಲ ಬೇರೆ, ಅಂಗಡಿಯ ಚೀಲ ಬೇರೆ. ಅಂಗಡಿಯವರು ತಮಗೆ ತಾವೇ ಒಂದು ಸಂಬಳವನ್ನು ಗೊತ್ತುಮಾಡಿಕೊಂಡು, ತಿಂಗಳಿಗೊಮ್ಮೆ ಅದನ್ನು ಮಾತ್ರ ತೆಗೆದುಕೊಳ್ಳಬೇಕು. ಅದನ್ನೂ ಅಂಗಡಿಯ ಖರ್ಚೆಂದೇ ಬರೆಯಬೇಕು. ಸಂಬಳ ಕೊಡಲು ಅಂಗಡಿಗೆ ಶಕ್ತಿಯಿಲ್ಲದಿದ್ದರೆ ಆ ಸತ್ಯ ಮೊದಲ ತಿಂಗಳಲ್ಲಿಯೇ ಹೊರಬೀಳುತ್ತದೆ. ಒಡವೆ ಹೋದ ಮೇಲೆ ಅಲ್ಲ. ಹಿಂದಿನ ಸಾಹುಕಾರರು ರಾತ್ರಿ ಕದ ಹಾಕುವ ಮುನ್ನ ರೋಜುಕಿರ್ದಿ ಬರೆಯದೆ ಏಳುತ್ತಿರಲಿಲ್ಲ. ಕೆಂಪು ಬಟ್ಟೆಯ ಆ ಉದ್ದನೆಯ ಪುಸ್ತಕವನ್ನು ಕಂಡು ನಾವು ಜಿಪುಣತನವೆಂದು ನಕ್ಕದ್ದುಂಟು. ಈಗ ಕೈಯಲ್ಲಿರುವ ಮೊಬೈಲಿನಲ್ಲೇ ಅದನ್ನು ಬರೆಯಬಹುದು, ಹತ್ತು ನಿಮಿಷದ ಕೆಲಸ. ಬರೆಯುವವರು ಮಾತ್ರ ಅಂದಿಗಿಂತ ಕಡಿಮೆಯಾಗಿದ್ದಾರೆ.

ಇಲ್ಲಿ ಆಯ್ದಕ್ಕಿ ಮಾರಯ್ಯನ ಕಥೆ ನೆನಪಾಗದಿರದು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಆತನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಮಡದಿ ಲಕ್ಕಮ್ಮ ಅದನ್ನು ಒಪ್ಪದೆ, ಹೆಚ್ಚಾದುದನ್ನು ಅಲ್ಲಿಯೇ ಹಾಕಿ ಬರುವಂತೆ ಹೇಳಿದಳು. ತರಗತಿಗಳಲ್ಲಿ ಇದನ್ನು ನಿಃಸ್ಪೃಹತೆಯ ಕಥೆಯೆಂದು ಹೇಳುತ್ತೇವೆ. ನಿಜ. ಆದರೆ ನೋಡಿದೊಡನೆಯೇ ಇದು ಹೆಚ್ಚಿನದೆಂದು ಹೇಳಬಲ್ಲವಳಾದರೆ, ದಿನಕ್ಕೆ ಬೇಕಾದುದೆಷ್ಟು ಎಂಬ ಅಳತೆ ಆ ತಾಯಿಯ ಮನಸ್ಸಿನಲ್ಲಿ ಖಚಿತವಾಗಿದ್ದಿರಬೇಕು. ಕೈಗೆ ಬಂದುದೆಲ್ಲ ನಮ್ಮದಲ್ಲವೆಂಬ ಅರಿವು ಅವಳಿಗೆ ಧರ್ಮವಾಗಿತ್ತು. ಅಂಗಡಿಯವನಿಗೆ ಅದು ಬದುಕುವ ದಾರಿ.

ರಿಯಾಯಿತಿಯ ಮೋಹ

ವ್ಯಾಪಾರ ಸಾಲದೆನಿಸಿದಾಗ ಮೊದಲು ಹೊಳೆಯುವ ಉಪಾಯ ಬೆಲೆ ಇಳಿಸುವುದು. "ಹಬ್ಬದ ಪ್ರಯುಕ್ತ ಶೇಕಡ 10 ರಿಯಾಯಿತಿ" ಎಂಬ ಚೀಟಿಯನ್ನು ಅಂಟಿಸುವುದು ಅತಿ ಸುಲಭ. ನಮ್ಮ ಚಕ್ಕುಲಿಯ ಲೆಕ್ಕದಲ್ಲಿ ಅದರ ಫಲವೇನೆಂದು ನೋಡಿ. 36 ರೂಪಾಯಿ ಇಳಿಸಿದರೆ ಕಿಲೋವಿಗೆ ಉಳಿಯುವುದು 155 ಅಲ್ಲ, 119. ಅದೇ 120 ಕಿಲೋ ಮಾರಿದರೆ 14,280, ಖರ್ಚು 15,100, ಲಾಭ ಹೋಗಿ 820 ರೂಪಾಯಿ ನಷ್ಟ. ಮೊದಲಿನ 3,500 ಲಾಭವನ್ನೇ ಮರಳಿ ಪಡೆಯಬೇಕಾದರೆ 156 ಕಿಲೋ ಮಾರಬೇಕು. ಹತ್ತನೆಯ ಒಂದು ಪಾಲು ಬೆಲೆ ಬಿಟ್ಟುದಕ್ಕೆ ಸುಮಾರು ಮೂರನೆಯ ಒಂದು ಪಾಲು ಹೆಚ್ಚು ದುಡಿತ! ಅದೇ ಬೆಲೆಯನ್ನು 30 ರೂಪಾಯಿ ಏರಿಸಿ, ಗಿರಾಕಿಗಳು ಕದಲದೆ ಉಳಿದರೆ, ಲಾಭ 3,500ರಿಂದ 7,100ಕ್ಕೆ ಏರುತ್ತದೆ. ಗಿರಾಕಿಗಳು ಉಳಿಯುವರೇ ಎಂಬುದು ಬೇರೆಯ ಪ್ರಶ್ನೆ. ಅದಕ್ಕೆ ಉತ್ತರ ಬೆಲೆಯ ಚೀಟಿಯಲ್ಲಿಲ್ಲ, ಚಕ್ಕುಲಿಯಲ್ಲಿದೆ.

ಈ ಮಾತಿಗೆ ಮುಂಬಯಿಯ ಒಂದು ನಿದರ್ಶನವನ್ನು ವಿಸ್ತಾರವಾಗಿಯೇ ಹೇಳಬೇಕು. 1959ರ ಮಾರ್ಚ್ 15ರಂದು ಗಿರಗಾಂವದ ಒಂದು ವಠಾರದ ಮಾಳಿಗೆಯ ಮೇಲೆ ಏಳು ಮಂದಿ ಗುಜರಾತಿ ಗೃಹಿಣಿಯರು ಕುಳಿತು ಹಪ್ಪಳ ಲಟ್ಟಿಸಿದರು. ಬಂಡವಾಳ 80 ರೂಪಾಯಿ. ಅದೂ ಛಗನಲಾಲ್ ಪಾರೇಖ್ ಎಂಬ ಸಮಾಜ ಸೇವಕರಿಂದ ತಂದ ಸಾಲ. ಮೊದಲ ದಿನ ಆದುದು ನಾಲ್ಕು ಪೊಟ್ಟಣ ಹಪ್ಪಳ. ಅದನ್ನು ಭುಲೇಶ್ವರದ ಪರಿಚಿತ ವರ್ತಕರೊಬ್ಬರಿಗೆ ಮಾರಿದರು. ಅದೇ ಮುಂದೆ 'ಲಿಜ್ಜತ್' ಎಂಬ ಹೆಸರಿನಿಂದ ದೇಶವೆಲ್ಲ ತಿಳಿದ ಹಪ್ಪಳವಾಯಿತು. ಇಂದು ಆ ಸಂಸ್ಥೆಯ ಸದಸ್ಯೆಯರು 40,000ಕ್ಕೂ ಹೆಚ್ಚು. ಆ ಏಳು ಮಂದಿಯಲ್ಲಿ ಒಬ್ಬರಾದ ಜಸವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂತು.

ಈ ಕಥೆಯನ್ನು ಹೇಳುವವರೆಲ್ಲ 80 ರೂಪಾಯಿಯ ಬಳಿ ನಿಂತು ಬೆರಗಾಗುತ್ತಾರೆ. ನನಗೆ ಮುಖ್ಯವೆಂದು ತೋರುವುದು ಅದಲ್ಲ. ಛಗನಬಾಪಾ ಎಂದು ಅವರೆಲ್ಲ ಕರೆಯುತ್ತಿದ್ದ ಪಾರೇಖರು ಕೊಟ್ಟ ಬುದ್ಧಿವಾದ ಮುಖ್ಯ. ಆರಂಭದಲ್ಲಿ ಹೆಂಗಸರು ಎರಡು ದರ್ಜೆಯ ಹಪ್ಪಳ ಮಾಡುತ್ತಿದ್ದರು. ಒಂದು ಉತ್ತಮ, ಇನ್ನೊಂದು ಅಗ್ಗದ್ದು. ಅಗ್ಗದ್ದನ್ನು ನಿಲ್ಲಿಸಿ, ಒಂದೇ ದರ್ಜೆಯ ಹಪ್ಪಳ ಮಾಡಿರಿ, ಅದರ ಗುಣದಲ್ಲಿ ಎಂದೂ ರಾಜಿಯಾಗಬೇಡಿರಿ ಎಂದರು ಅವರು. ಇದನ್ನು ದಾನಧರ್ಮದ ಕೆಲಸವೆಂದು ಎಣಿಸದೆ ಉದ್ಯಮವೆಂದೇ ನಡೆಸಬೇಕು, ಲೆಕ್ಕವನ್ನು ಕ್ರಮವಾಗಿ ಇಡಬೇಕು ಎಂದೂ ಒತ್ತಿ ಹೇಳಿದರು. ಹೆಂಗಸರು ದೇಣಿಗೆಯನ್ನು ಸ್ವೀಕರಿಸುವುದಿಲ್ಲವೆಂದು ಆಗಲೇ ನಿಶ್ಚಯಿಸಿದ್ದರು. ದೇಣಿಗೆಯ ಹಣ ಪೆಟ್ಟಿಗೆಗೆ ಬಿದ್ದೊಡನೆ ಹಪ್ಪಳದಿಂದ ಬಂದುದೆಷ್ಟು, ಕನಿಕರದಿಂದ ಬಂದುದೆಷ್ಟು ಎಂಬುದು ಮಸುಕಾಗುತ್ತದೆ. ಗಂಡನ ಸಂಬಳದಿಂದ ಅಂಗಡಿಯ ಬಾಡಿಗೆ ಕಟ್ಟಿ 'ಲಾಭ' ತೋರಿಸುವ ನಮ್ಮೂರಿನ ಅಂಗಡಿಗಳಿಗೂ ಈ ಮಾತು ಅನ್ವಯಿಸುತ್ತದೆ.

ಮೊದಲ ವರ್ಷದ ಮಳೆಗಾಲದಲ್ಲಿ ನಾಲ್ಕು ತಿಂಗಳು ಅವರ ಕೆಲಸವೇ ನಿಂತಿತು. ಮುಂಬಯಿಯ ಮಳೆಯಲ್ಲಿ ಹಪ್ಪಳ ಒಣಗುವುದೆಲ್ಲಿ? ಮರು ವರ್ಷ ಅವರು ಕಂಡುಕೊಂಡ ಯುಕ್ತಿಯನ್ನು ಕೇಳಿ. ಒಂದು ಮಂಚವನ್ನೂ ಒಂದು ಒಲೆಯನ್ನೂ ಕೊಂಡರು. ಮಂಚದ ಮೇಲೆ ಹಪ್ಪಳ, ಕೆಳಗೆ ಒಲೆ. ಮಳೆಗಾಲದಲ್ಲಿಯೂ ಹಪ್ಪಳ ಒಣಗಿತು. ದೊಡ್ಡ ಯಂತ್ರಕ್ಕೆ ಸಾಲ ಹುಡುಕಿ ಅಲೆಯುವ ಮುನ್ನ ಮಂಚ ಮತ್ತು ಒಲೆಯಿಂದ ಆಗುವುದೇನೆಂದು ಯೋಚಿಸಿದ ಆ ಗೃಹಿಣಿಯರ ಬುದ್ಧಿಗೆ ನಾನು ತಲೆದೂಗುತ್ತೇನೆ. ಮೊದಲ ವರ್ಷದ ಅವರ ಒಟ್ಟು ಮಾರಾಟ 6,196 ರೂಪಾಯಿ. ಇಷ್ಟು ವರ್ಷಗಳ ಬಳಿಕವೂ ಆ ಅಂಕಿ ರೂಪಾಯಿಯ ಲೆಕ್ಕದಲ್ಲಿ ನಮಗೆ ತಿಳಿದಿದೆ ಎಂಬುದರಲ್ಲಿಯೇ ಅವರ ಕಥೆಯ ಸಾರವಿದೆ ಎಂದು ನನ್ನ ಭಾವನೆ.

ಗುಣದ ಮಾತು ಬಂದಾಗ ನಮ್ಮ ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸನ್ನು ಬಿಡುವಂತಿಲ್ಲ. ಉಡುಪಿಯ ಕಡೆಯಿಂದ ಬಂದ ಪರಂಪಳ್ಳಿ ಯಜ್ಞನಾರಾಯಣ ಮಯ್ಯರು ಸೋದರರೊಡನೆ 1924ರಲ್ಲಿ ಆರಂಭಿಸಿದ ಹೋಟೆಲು ಅದು. 1951ರಲ್ಲಿ ಯುರೋಪನ್ನು ಸುತ್ತಿಬಂದ ಮಯ್ಯರು, ಅಲ್ಲಿಯ ಹೋಟೆಲುಗಳ ಶುಚಿತ್ವವನ್ನು ಮೆಚ್ಚಿ ಇಲ್ಲಿ ಪಾತ್ರೆಗಳನ್ನು ಕಾವಿನಿಂದ ಶುದ್ಧಿಗೊಳಿಸುವ ಕ್ರಮವನ್ನು ತಂದರು. ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಅಭಾವವಾದಾಗ ರವೆಯಿಂದ ಇಡ್ಲಿ ಮಾಡಿದುದೂ ಅಲ್ಲಿಯೇ. ಇದೆಲ್ಲ ಬಹುಮಂದಿಗೆ ತಿಳಿದುದೇ. ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರವಾದ ಪ್ರಸಂಗ ತುರ್ತು ಪರಿಸ್ಥಿತಿಯ ಕಾಲದ್ದು. ಆಗ ಸರಕಾರ ಹೋಟೆಲು ತಿಂಡಿಗಳಿಗೆ ಅಗ್ಗದ ಬೆಲೆಯನ್ನು ಗೊತ್ತುಮಾಡಿತು. ಆ ಬೆಲೆಗೆ ಎಂದಿನ ಗುಣದ ತಿಂಡಿ ಕೊಡುವುದು ನಷ್ಟದ ಬಾಬತ್ತಾಯಿತು. ಎಣ್ಣೆ ತುಪ್ಪಗಳ ಗುಣ ಇಳಿಸಿ ನಡೆಸುವ ದಾರಿ ತೆರೆದಿತ್ತು; ಅದನ್ನು ಹಿಡಿಯದೆ ಹೋಟೆಲನ್ನೇ ಮುಚ್ಚಿದರು. ಕೆಲಸಗಾರರನ್ನು ಬೀದಿಪಾಲು ಮಾಡದೆ, ಮಸಾಲೆ ಪುಡಿ ಮತ್ತು ಸಿದ್ಧ ಹಿಟ್ಟುಗಳನ್ನು ಪೊಟ್ಟಣ ಕಟ್ಟಿ ಮಾರುವ ಕೆಲಸಕ್ಕೆ ತೊಡಗಿದರು. ಹೋಟೆಲು ಮತ್ತೆ ತೆರೆದದ್ದು 1984ರಲ್ಲಿ. ಒಂದು ತಟ್ಟೆ ಇಡ್ಲಿಗೆ ತಗಲುವ ಅಸಲು ಎಷ್ಟೆಂದು ತಿಳಿಯದವನು ಇಂಥ ನಿರ್ಧಾರವನ್ನು ಕೈಗೊಳ್ಳಲಾರ. "ಹೇಗೋ ನಡೆಯುತ್ತದೆ" ಎಂದು ನಡೆಸಿ ಮುಳುಗುತ್ತಾನೆ.

ಉದ್ದರಿಯೆಂಬ ಸ್ನೇಹ

"ಬರೆದುಕೊಳ್ಳಿ, ಒಂದನೇ ತಾರೀಖು ಕೊಡುತ್ತೇನೆ" ಎನ್ನುವ ಗಿರಾಕಿಗೆ ಇಲ್ಲವೆನ್ನುವುದು ಕಷ್ಟ. ಬೀದಿಯ ಅಂಗಡಿ ನಡೆಯುವುದೇ ಈ ವಿಶ್ವಾಸದ ಮೇಲೆ ಎಂಬುದನ್ನು ನಾನು ಬಲ್ಲೆ. ಆದ್ದರಿಂದ ಉದ್ದರಿ ಕೂಡದೆಂದು ಹೇಳುವುದಿಲ್ಲ. ಆದರೆ ನಮ್ಮ ಗೃಹಿಣಿ ಒಂದು ಕಿಲೋ ಚಕ್ಕುಲಿಯನ್ನು ಉದ್ದರಿ ಕೊಟ್ಟು ಆ ಹಣ ಬಾರದೆ ಹೋದರೆ, ಕೈಬಿಟ್ಟುಹೋದ 205 ರೂಪಾಯಿಯ ಅಸಲನ್ನು ತುಂಬಲು ಇನ್ನೂ ಒಂದೂಕಾಲು ಕಿಲೋವಿಗಿಂತ ಹೆಚ್ಚು ಮಾರಬೇಕು. ಉದ್ದರಿಯ ಒಟ್ಟು ಮೊತ್ತ ಇಷ್ಟನ್ನು ಮೀರಕೂಡದೆಂದು ಮೊದಲೇ ಗೆರೆ ಎಳೆದುಕೊಂಡವರು ಗಿರಾಕಿಗಳ ಮುಖ ನೋಡಿ ನಿರ್ಧರಿಸುವ ಕಷ್ಟದಿಂದ ಪಾರಾಗುತ್ತಾರೆ.

ದೊಡ್ಡ ಅಂಗಡಿಗಳಿಗೆ, ಕಂಪನಿಗಳಿಗೆ ಸರಕು ಒದಗಿಸುವ ಸಣ್ಣ ತಯಾರಕರ ಪಾಡು ಇನ್ನೂ ಬಿಗಿಯಾದುದು. ಬಿಲ್ಲು ಹೋಗಿ ಮೂರು ತಿಂಗಳಾದರೂ ಹಣವಿಲ್ಲ. ಕೇಳಿದರೆ ಮುಂದಿನ ಆರ್ಡರು ತಪ್ಪುವ ಭಯ. ಇಂಥವರಿಗೆ ಕಾನೂನಿನ ಆಸರೆಯೊಂದಿದೆಯೆಂಬುದು ಅನೇಕರಿಗೆ ತಿಳಿದಿಲ್ಲ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆಯ ಪ್ರಕಾರ, ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಂದ ಸರಕನ್ನೋ ಸೇವೆಯನ್ನೋ ಪಡೆದವರು ಒಪ್ಪಂದದ ಅವಧಿಯೊಳಗೆ ಹಣ ಕೊಡಬೇಕು; ಆ ಅವಧಿ ಯಾವ ಕಾರಣಕ್ಕೂ 45 ದಿನಗಳನ್ನು ಮೀರುವಂತಿಲ್ಲ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು. ಈ ರಕ್ಷಣೆ ಬೇಕಾದ ಉದ್ಯಮ ಸರಕಾರದಲ್ಲಿ ನೋಂದಣಿಯಾಗಿರಬೇಕು. 2020ರ ಜುಲೈಯಿಂದ ಬಂದಿರುವ 'ಉದ್ಯಮ್' ನೋಂದಣಿಗೆ ಶುಲ್ಕವಿಲ್ಲ. ಆಧಾರ್ ಇದ್ದರೆ ಅಂತರ್ಜಾಲದಲ್ಲಿ ತಾವೇ ಮಾಡಿಕೊಳ್ಳಬಹುದು. ಇದಕ್ಕಾಗಿ ಸಾವಿರಗಟ್ಟಲೆ ಕೇಳುವ ಮಧ್ಯವರ್ತಿಗಳ ಮಾತಿಗೆ ಕಿವಿಗೊಡಬೇಕಾಗಿಲ್ಲ. ಕೊಂಡು ಮಾರುವ ವರ್ತಕರಿಗೆ ಮಾತ್ರ ಈ ಬಾಕಿ ವಸೂಲಿಯ ಸೌಲಭ್ಯ ಅನ್ವಯಿಸುವುದಿಲ್ಲ.

ಮನೆಯ ಚೀಲ, ಅಂಗಡಿಯ ಚೀಲ ಎಂದೆನಷ್ಟೆ. ಎರಡನ್ನೂ ಒಂದು ಮಾಡಿಕೊಂಡದ್ದರ ಸಂಕಟ ನಮ್ಮ ರಾಜ್ಯದಲ್ಲಿ ದೊಡ್ಡದಾಗಿ ಕಂಡದ್ದು 2025ರ ಜುಲೈ ತಿಂಗಳಿನಲ್ಲಿ. ಯು.ಪಿ.ಐ. ಮೂಲಕ ಖಾತೆಗೆ ಬಂದ ಮೊತ್ತವನ್ನು ನೋಡಿ, ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವರ್ತಕರಿಗೆ ನೋಟೀಸು ಕಳಿಸಿತು. ಬೇಕರಿ, ಬೀಡಾ ಅಂಗಡಿ, ಕಾಯಿಪಲ್ಲೆ ಅಂಗಡಿಗಳವರು ಕಂಗಾಲಾದರು. ಅನೇಕರು ಗೋಡೆಯ ಮೇಲಿನ ಸ್ಕ್ಯಾನಿನ ಚೀಟಿಯನ್ನು ಕಿತ್ತು, "ನಗದು ಮಾತ್ರ" ಎಂದು ಬರೆದು ಹಾಕಿದರು. ಮುಷ್ಕರದ ಮಾತೂ ಎದ್ದು, ಸರಕಾರ ವರ್ತಕರ ಪ್ರತಿನಿಧಿಗಳೊಡನೆ ಕುಳಿತು ಮಾತನಾಡಬೇಕಾಯಿತು. ಬಂದುದೆಲ್ಲ ವ್ಯಾಪಾರದ ಹಣವಲ್ಲ, ಕೈಗಡ, ನೆಂಟರು ಕಳಿಸಿದ್ದು, ಮನೆಯ ಹಣ ಎಲ್ಲವೂ ಅದರಲ್ಲಿ ಸೇರಿದೆ ಎಂದು ಅನೇಕರು ಹೇಳಿದರು. ಹೇಳಿದುದು ನಿಜವೇ ಇದ್ದೀತು. ಆದರೆ ತೋರಿಸುವುದು ಹೇಗೆ? ಹಾಲು, ತರಕಾರಿಗಳಂತಹ ತೆರಿಗೆಯಿಲ್ಲದ ಪದಾರ್ಥ ಮಾರಿದವರೂ ಬಿಲ್ಲು ಪುಸ್ತಕಗಳಿಲ್ಲದೆ ತೊಡಕಿಗೆ ಸಿಕ್ಕಿದರು. ಇಲಾಖೆ ಮೊದಲೇ ತಿಳಿವಳಿಕೆ ಕೊಡಬಹುದಾಗಿತ್ತೆಂಬ ವರ್ತಕರ ದೂರನ್ನು ನಾನು ಒಪ್ಪುತ್ತೇನೆ. ಚೀಟಿ ಕಿತ್ತುಹಾಕಿದುದನ್ನು ಮಾತ್ರ ಒಪ್ಪಲಾರೆ. ಅಂಗಡಿಗೇ ಮೀಸಲಾದ ಬ್ಯಾಂಕ್ ಖಾತೆಯೊಂದಿದ್ದರೆ ರೋಜುಕಿರ್ದಿಯ ಅರ್ಧ ಭಾಗವನ್ನು ಬ್ಯಾಂಕೇ ಬರೆದುಕೊಡುತ್ತದೆ. ಸಾಲ ಕೇಳಲು ಹೋದ ದಿನ ಆ ಬರಹವೇ ಸಾಕ್ಷಿಗೆ ನಿಲ್ಲುತ್ತದೆ.

ಕೊನೆಯದಾಗಿ, ದೀಪಾವಳಿಯ ಮಾತು. ನಮ್ಮ ಚಕ್ಕುಲಿಯ ಅಂಗಡಿಗೆ ಯಾವುದೋ ಕಚೇರಿಯಿಂದ 100 ಕಿಲೋವಿನ ಬೇಡಿಕೆ ಬಂತೆನ್ನಿ. ಬೆಲೆ 36,000, ಅರ್ಧ ಹಣ ಮುಂಗಡ ಕೇಳಿದರೆ 18,000 ಕೈಗೆ ಬರುತ್ತದೆ. ಅದೇ ವಾರದಲ್ಲಿ ಮನೆಗೂ ಹಬ್ಬ. ಸೀರೆ, ಪಟಾಕಿ, ಅಳಿಯನ ಉಡುಗೊರೆ. ಮುಂಗಡದ ನೋಟುಗಳು ಪೆಟ್ಟಿಗೆಯಲ್ಲಿ ನಗುತ್ತಿರುತ್ತವೆ. ಆದರೆ ನೂರು ಕಿಲೋವಿಗೆ ಸಾಮಾನು, ಅನಿಲ, ಪೊಟ್ಟಣಗಳ ಖರ್ಚೇ 20,500. ಮುಂಗಡವನ್ನು ಕೈಮುಟ್ಟದೆ ಇಟ್ಟರೂ 2,500 ಕೊರೆ ಬೀಳುತ್ತದೆ. ಜೊತೆಗೆ, ಆ ವಾರಕ್ಕೆ ಇನ್ನೊಬ್ಬ ಸಹಾಯಕಿ ಬೇಕಾದರೆ ಅವಳ ಕೂಲಿ. ಕಚೇರಿಯವರು ಉಳಿದ ಅರ್ಧವನ್ನು ಕೊಡುವುದು ಹಬ್ಬ ಕಳೆದು ಯಾವಾಗಲೋ. ಬೇಡಿಕೆಯನ್ನು ಒಪ್ಪಿಕೊಳ್ಳುವ ಮುನ್ನವೇ ಆ 2,500ನ್ನೂ ಕೂಲಿಯನ್ನೂ ಅಂಗಡಿಯ ಚೀಲದಲ್ಲಿ ಎಣಿಸಿ ನೋಡಿಕೊಳ್ಳಬೇಕು. ಅಷ್ಟಿಲ್ಲದಿದ್ದರೆ ಮುಂಗಡವನ್ನು 24,000ಕ್ಕೆ ಏರಿಸಿ ಕೇಳಬೇಕು. ಇಲ್ಲವೇ ಐವತ್ತು ಕಿಲೋ ಮಾತ್ರ ಒಪ್ಪಿಕೊಳ್ಳಬೇಕು. ಐವತ್ತು ಕಿಲೋವಿನಿಂದ ಉಳಿಯುವ 7,750 ರೂಪಾಯಿ, ಆಕೆಯ ಎರಡು ತಿಂಗಳ ಲಾಭಕ್ಕಿಂತ ಹೆಚ್ಚು.